ಬಿಲ್ಡ್ ಜಾಬ್‌ಗಳು ಒಟ್ಟಿಗೆ ಓಡುವಾಗ ವರ್ಚುವಲ್ ಮಷೀನ್ ಕೈಕೊಟ್ಟರೆ

ಒಂದೊಂದಾಗಿ ಓಡಿಸಿದಾಗ ತಕರಾರಿಲ್ಲದೆ ಮುಗಿಯುವ ಬಿಲ್ಡ್ ಜಾಬ್‌ಗಳು (ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ಕೆಲಸಗಳು) ಒಂದೇ ಸರ್ವರ್‌ನಲ್ಲಿ ನಾಲ್ಕಾರು ಒಟ್ಟಿಗೆ ಶುರುವಾದಾಗ ಮಾತ್ರ ವಿಫಲವಾಗುತ್ತಿದ್ದರೆ, ಕೋಡ್‌ನಲ್ಲಿ ದೋಷ ಹುಡುಕುವ ಮೊದಲು ಅವು ಓಡುವ ವರ್ಚುವಲ್ ಮಷೀನ್‌ಗಳು (ಸರ್ವರ್‌ನೊಳಗೆ ಸಾಫ್ಟ್‌ವೇರ್ ಸೃಷ್ಟಿಸುವ ಕಂಪ್ಯೂಟರ್‌ಗಳು) ಏನನ್ನು ಹಂಚಿಕೊಳ್ಳುತ್ತಿವೆ ಎಂಬುದನ್ನು ಪರಿಶೀಲಿಸಿ. ಮಷೀನ್‌ಗಳ ಹೆಸರು ಮತ್ತು ಪೋರ್ಟ್‌ಗಳ (ನೆಟ್‌ವರ್ಕ್ ಸಂಪರ್ಕದ ಸಂಖ್ಯೆಗಳ) ಘರ್ಷಣೆ ಬೇಗ ಕಣ್ಣಿಗೆ ಬೀಳುತ್ತದೆ. ಹೆಸರಿಗೆ ಜಾಬ್ ಸಂಖ್ಯೆಯನ್ನು ಸೇರಿಸಿ, 2222ರಂತಹ ಪೋರ್ಟನ್ನು ಸ್ಕ್ರಿಪ್ಟ್‌ನಲ್ಲಿ ಖಾಯಂ ಆಗಿ ಬರೆಯದಿದ್ದರೆ ಸಾಕು.

ಹೆಚ್ಚು ಕಾಡುವುದು ಡಿಸ್ಕ್ ಇಮೇಜ್, ಅಂದರೆ ಮಷೀನ್‌ನ ಡಿಸ್ಕ್ ಆಗಿ ಬಳಕೆಯಾಗುವ ಕಡತ. ಎರಡು ಜಾಬ್‌ಗಳು ಒಂದೇ ಇಮೇಜನ್ನು ಬರೆಯಲು ತೆರೆದರೆ, ವರ್ಚುವಲ್ ಮಷೀನ್ ಓಡಿಸುವ ತಂತ್ರಾಂಶವಾದ ಕ್ಯೂಎಮು (QEMU) ‘ರೈಟ್ ಲಾಕ್ (ಬರೆಯುವ ಬೀಗ) ಸಿಗಲಿಲ್ಲ’ ಎಂದು ನಿಂತುಬಿಡುತ್ತದೆ. ಆ ಲಾಕನ್ನೇ ನಿಷ್ಕ್ರಿಯಗೊಳಿಸುವ ಉಪಾಯವನ್ನು ದಯವಿಟ್ಟು ಅನುಸರಿಸಬೇಡಿ, ಏಕೆಂದರೆ ಇಮೇಜ್ ಕೆಡದಂತೆ ಕಾಯುತ್ತಿರುವುದು ಅದೇ. ಮೂಲ ಇಮೇಜನ್ನು ಓದಲು ಮಾತ್ರ ಬರುವಂತೆ ಇಟ್ಟು, ಪ್ರತಿ ಜಾಬ್‌ಗೂ ಅದರ ಮೇಲೆ ಪ್ರತ್ಯೇಕ ಕ್ಯೂಕೌ2 (qcow2) ಓವರ್‌ಲೇ, ಅಂದರೆ ಬದಲಾವಣೆಗಳನ್ನಷ್ಟೇ ಇಟ್ಟುಕೊಳ್ಳುವ ಕಡತ, ಸೃಷ್ಟಿಸಿ, ಜಾಬ್ ಮುಗಿದ ಮೇಲೆ ಅಳಿಸಿ. ಓವರ್‌ಲೇಗಳು ಬಳಕೆಯಲ್ಲಿರುವಾಗ ಮೂಲ ಇಮೇಜನ್ನು ಅಪ್‌ಡೇಟ್ ಮಾಡಿದರೆ ಅವೆಲ್ಲವೂ ಹಾಳಾಗುತ್ತವೆ. ಹೊಸ ಆವೃತ್ತಿಯನ್ನು ಬೇರೆ ಹೆಸರಿನಲ್ಲಿ ಇಡಿ.

ಎರಡು ಮಷೀನ್‌ಗಳಿಗೆ ಒಂದೇ ಐಪಿ ವಿಳಾಸ ಬರುತ್ತಿದ್ದರೆ ಮ್ಯಾಕ್ (MAC) ವಿಳಾಸವನ್ನಷ್ಟೇ, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆಯನ್ನಷ್ಟೇ, ನೋಡಿ ಸುಮ್ಮನಾಗಬೇಡಿ. ವರ್ಚುವಲ್ ಮಷೀನ್‌ನೊಳಗೆ ಓಡುವ ಲಿನಕ್ಸ್ ಅತಿಥಿ ವ್ಯವಸ್ಥೆಯಲ್ಲಿ ಅದರ ಗುರುತನ್ನು ಇಡುವ ‘ಮಷೀನ್-ಐಡಿ’ (machine-id) ಕಡತವೂ ನಕಲಾಗಿದ್ದರೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಎರಡನ್ನೂ ಒಂದೇ ಎಂದು ಭಾವಿಸಬಹುದು. ಮೂಲ ಇಮೇಜ್‌ನಲ್ಲಿ ಆ ಕಡತವನ್ನು ಖಾಲಿ ಮಾಡಿಟ್ಟರೆ ಬೂಟ್ ಆಗುವಾಗ ಹೊಸದು ಹುಟ್ಟುತ್ತದೆ.

ಯಾವ ಸಂದೇಶವೂ ಇಲ್ಲದೆ ಮಷೀನ್ ಮಾಯವಾದರೆ ಹೋಸ್ಟ್‌ನ (ಮಷೀನ್‌ಗಳನ್ನು ಓಡಿಸುವ ಸರ್ವರ್‌ನ) ಕರ್ನಲ್ ಲಾಗ್, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ ದಾಖಲೆ, ನೋಡಿ: ಮೆಮೊರಿ ಸಾಲದೆ ಕರ್ನಲ್ಲೇ ಅದನ್ನು ಕೊಂದಿರಬಹುದು. ರದ್ದಾದ ಜಾಬ್‌ಗಳು ಬಿಟ್ಟುಹೋದ ಮಷೀನ್‌ಗಳು ಆ ಮೆಮೊರಿಯನ್ನು ಹಿಡಿದುಕೊಂಡಿರುವುದುಂಟು.