ಶಾಲೆಯಲ್ಲಿ ರೋಬೋಟ್ ಕ್ಲಬ್: ಎರಡನೇ ವರ್ಷದ ಹಣವನ್ನು ಮೊದಲೇ ಕೇಳಿ

ಕರಾವಳಿಯಲ್ಲಿ ಶಾಲೆಗೊಂದು ರೋಬೋಟಿಕ್ಸ್ ಪೆಟ್ಟಿಗೆ ಕೊಡಿಸುವವರಿಗೆ ಕೊರತೆಯಿಲ್ಲ. ಹಳೆ ವಿದ್ಯಾರ್ಥಿ ಸಂಘ, ರೋಟರಿ, ಲಯನ್ಸ್, ಊರಿನ ಯುವಕ ಮಂಡಲ, ಯಾರಾದರೂ ಮುಂದೆ ಬರುತ್ತಾರೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಹಸ್ತಾಂತರವೂ ಆಗುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಕಪಾಟಿನಲ್ಲಿ ಒಂದು ಮಳೆಗಾಲ ಕಳೆದ ಪೆಟ್ಟಿಗೆ ತೆರೆದರೆ ಬ್ಯಾಟರಿ ಹೋಲ್ಡರಿನ ಸ್ಪ್ರಿಂಗ್ ಮೇಲೆ ಹಸಿರು ಮಿಶ್ರಿತ ಬಿಳಿ ಹುಡಿ ಕೂತಿರುತ್ತದೆ, ಒಂದು ಮೋಟಾರಿನ ತಂತಿ ಬುಡದಲ್ಲೇ ತುಂಡಾಗಿರುತ್ತದೆ. ಸರಿಪಡಿಸಲು ಬೇಕಾದದ್ದು ಕೆಲವು ನೂರು ರೂಪಾಯಿ. ಅದನ್ನು ಯಾವ ಲೆಕ್ಕದಿಂದ ತೆಗೆಯಬೇಕೆಂದು ಯಾರೂ ಬರೆದಿಟ್ಟಿರುವುದಿಲ್ಲ. ಕ್ಲಬ್ ನಿಲ್ಲುವುದು ಅಲ್ಲಿಗೇ. ಆದ್ದರಿಂದ ಹಣ ಕೇಳಲು ಹೊರಡುವ ಮುಂಚೆ ಎರಡು ವರ್ಷದ ಲೆಕ್ಕ ಕೈಯಲ್ಲಿರಲಿ.

ಮೊದಲು ಮಕ್ಕಳ ಸಂಖ್ಯೆ

4ರಿಂದ 7ನೇ ತರಗತಿಯ 20 ಮಕ್ಕಳು, ನಾಲ್ಕು ಮಂದಿಯ 5 ತಂಡ. ಒಬ್ಬರು ಕಟ್ಟಲು, ಒಬ್ಬರು ತಂತಿ ಜೋಡಿಸಲು, ಒಬ್ಬರು ಲ್ಯಾಪ್‌ಟಾಪ್ ಮುಂದೆ, ಒಬ್ಬರು ಬಿಡಿಭಾಗಗಳ ಲೆಕ್ಕಕ್ಕೆ. ಪ್ರತಿ ವಾರ ಕೆಲಸ ಬದಲಾಗಬೇಕು. ತಂಡಕ್ಕೆ ಐದನೆಯವರು ಸೇರಿದರೆ ಆ ಮಗು ಕೈಕಟ್ಟಿ ನೋಡುತ್ತ ಕೂರುತ್ತದೆ, ಮೂರನೇ ವಾರಕ್ಕೆ ಬರುವುದೇ ಬಿಡುತ್ತದೆ. ಕಿಟ್ 6 ಬೇಕು, ಆರನೆಯದು ಬಿಡಿಭಾಗಗಳಿಗೆ. ದಸರಾ ರಜೆ, ಪರೀಕ್ಷೆ, ಮಳೆಗೆ ಜಿಲ್ಲಾಧಿಕಾರಿ ಕೊಡುವ ರಜೆ ಎಲ್ಲ ಕಳೆದರೆ ವಾರಕ್ಕೊಂದರಂತೆ ವರ್ಷಕ್ಕೆ 28 ತರಗತಿ ಸಿಕ್ಕಿದರೆ ದೊಡ್ಡದು.

ಅಂದಾಜು ಪಟ್ಟಿ

ಒಂದು ಕಿಟ್‌ಗೆ: ಪ್ರೋಗ್ರಾಂ ತುಂಬಿಸುವ ಆರ್ಡುಯಿನೊ ಊನೋ ಮಾದರಿಯ ಬೋರ್ಡ್ ಮತ್ತು ಕೇಬಲ್ ₹500, ಮೋಟಾರಿಗೆ ಕರೆಂಟ್ ಕೊಡುವ ಎಲ್298ಎನ್ ಮೋಟಾರ್ ಡ್ರೈವರ್ ₹150, ಹಳದಿ ಗೇರ್ ಮೋಟಾರ್ ಎರಡು, ಗಾಲಿ ಮತ್ತು ಚಾಸಿ ₹350, ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ₹80, ಗೆರೆ ಗುರುತಿಸುವ ಐಆರ್ (ಇನ್ಫ್ರಾರೆಡ್) ಸೆನ್ಸರ್ ಎರಡಕ್ಕೆ ₹80, ಹೇಳಿದ ಕೋನಕ್ಕೆ ತಿರುಗುವ ಸಣ್ಣ ಸರ್ವೋ ಮೋಟಾರ್ ₹100, ಬ್ರೆಡ್‌ಬೋರ್ಡ್ ಮತ್ತು ಜಂಪರ್ ತಂತಿ ₹170, ಮುಚ್ಚಳವಿರುವ ಡಬ್ಬಿ ₹150, ಚಾರ್ಜ್ ಮಾಡಬಹುದಾದ ಎಎ ಸೆಲ್ ಆರು ಮತ್ತು ಹೋಲ್ಡರ್ ₹700. ಒಟ್ಟು ₹2,280, ₹2,300 ಎಂದು ಹಿಡಿಯಿರಿ. ದರ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಮೂರು ಕಡೆ ಕೊಟೇಶನ್ ಪಡೆಯುವಾಗ ಜಿಎಸ್‌ಟಿ ಸೇರಿಸಿಯೇ ಬರೆಸಿ, ಇಲ್ಲವಾದರೆ ಬಿಲ್ ಬಂದಾಗ ಹಣ ಸಾಲದು.

ವರ್ಷದ ಲೆಕ್ಕ ಹೀಗೆ. ಆರು ಕಿಟ್ ₹13,800. ಚಾರ್ಜರ್ ₹1,200. ಗಾಳಿಯಾಡದ ದೊಡ್ಡ ಡಬ್ಬಿ ಮತ್ತು ತೇವ ಹೀರುವ ಸಿಲಿಕಾ ಜೆಲ್ ₹1,000. ಬಿಡಿ ಮೋಟಾರ್, ತಂತಿ, ಟೇಪ್, ಸ್ಕ್ರೂ ₹3,000. ಕಲಿಸಲು ಬರುವ ಇಬ್ಬರ ಬಸ್ ಖರ್ಚು, ತಲಾ ₹60ರಂತೆ 28 ದಿನಕ್ಕೆ ₹3,360. ಸಂಜೆಯ ಅವಲಕ್ಕಿ, ಬಾಳೆಹಣ್ಣಿಗೆ ಮಗುವಿಗೆ ₹10ರಂತೆ ₹5,600. ಪಿಲಿಕುಳದ ವಿಜ್ಞಾನ ಕೇಂದ್ರಕ್ಕೋ ಸ್ಪರ್ಧೆಗೋ ಒಂದು ಪ್ರಯಾಣ ₹5,000. ಕೂಡಿಸಿದರೆ ₹32,960. ಅದರ ಮೇಲೆ 10% ಆಪತ್ತಿಗೆಂದು ಇಟ್ಟರೆ ಸುಮಾರು ₹36,300. ಕಿಟ್, ಚಾರ್ಜರ್, ಡಬ್ಬಿ ಬಿಟ್ಟು, ಅದೇ 10% ಸೇರಿಸಿ ಎರಡನೇ ವರ್ಷಕ್ಕೆ ಸುಮಾರು ₹18,700. ಎರಡೂ ಸೇರಿ ₹55,000. ಕೇಳಬೇಕಾದದ್ದು ಈ ಮೊತ್ತ.

ತಿಂಡಿಯ ಸಾಲನ್ನು ಉಳಿತಾಯದ ನೆಪದಲ್ಲಿ ಹೊಡೆದುಹಾಕಬೇಡಿ. ಮಧ್ಯಾಹ್ನದ ಬಿಸಿಯೂಟ ಉಂಡ ಮಗು ಸಂಜೆ ನಾಲ್ಕೂವರೆಗೆ ಹಸಿದಿರುತ್ತದೆ, ಹಸಿದ ಮಗು ಸಣ್ಣ ಸ್ಕ್ರೂ ತಿರುಗಿಸಲಾರದು.

ಲ್ಯಾಪ್‌ಟಾಪ್ ಈ ಪಟ್ಟಿಯಲ್ಲಿಲ್ಲ. ಶಾಲೆಯ ಕಂಪ್ಯೂಟರ್ ಸಾಕಾಗದಿದ್ದರೆ ಬ್ಯಾಂಕ್, ಕಾಲೇಜು, ಐಟಿ ಕಚೇರಿಗಳು ಬದಲಾಯಿಸುವ ಹಳೆಯ ಯಂತ್ರಗಳನ್ನು ಬರವಣಿಗೆಯಲ್ಲಿ ಕೇಳಿ. ಬಣ್ಣದ ಬ್ಲಾಕ್ ಎಳೆದು ಜೋಡಿಸುವ ಪ್ರೋಗ್ರಾಮಿಂಗ್‌ಗೆ 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಸಾಕು.

ಯಾರ ಬಳಿ ಏನು ಕೇಳಬೇಕು

ದೊಡ್ಡ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ ಹಣ) ಬಗ್ಗೆ ತಪ್ಪು ತಿಳಿವಳಿಕೆ ಬಹಳ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ 2% ಸಮಾಜಕ್ಕೆ ಖರ್ಚು ಮಾಡಬೇಕು. ಶಿಕ್ಷಣವೂ ಆ ಪಟ್ಟಿಯಲ್ಲಿದೆ, ಸ್ಥಳೀಯ ಪ್ರದೇಶಕ್ಕೆ ಆದ್ಯತೆಯೂ ಇದೆ. ಎಂಆರ್‌ಪಿಎಲ್, ಕರ್ಣಾಟಕ ಬ್ಯಾಂಕ್‌ನಂಥ ಸಂಸ್ಥೆಗಳ ಕೇಂದ್ರವೇ ಮಂಗಳೂರಿನಲ್ಲಿದೆ. ಆದರೆ ಒಂದೇ ಶಾಲೆಯ ₹55,000ಕ್ಕೆ ಅವರಲ್ಲಿ ಕಡತ ಮೇಲಿನ ಹಂತಕ್ಕೆ ಹತ್ತುವುದು ಕಷ್ಟ. ನಿಮ್ಮ ಕ್ಲಸ್ಟರಿನ ಎಂಟು ಹತ್ತು ಶಾಲೆಗಳನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಒಟ್ಟು ಸೇರಿಸಿ ಒಂದೇ ಮನವಿ ಕೊಟ್ಟರೆ ಮಾತಿಗೆ ತೂಕ ಬರುತ್ತದೆ. ಕಂಪನಿ ತನ್ನ ಹಣವನ್ನು ಟ್ರಸ್ಟ್ ಮೂಲಕ ಕೊಡುವುದಾದರೆ ಆ ಟ್ರಸ್ಟ್ ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಪಡೆದಿರಬೇಕು. ಅದಿಲ್ಲದಿದ್ದರೆ ನಗದು ಕೇಳದೆ, ಕಿಟ್ಟನ್ನೇ ಖರೀದಿಸಿ ಕೊಡಿ ಎನ್ನಿ.

ಸಂಸದರ ನಿಧಿ ಬಾಳಿಕೆ ಬರುವ ಸಾರ್ವಜನಿಕ ಆಸ್ತಿಗೆ ಮೀಸಲು. ಬಸ್ ಖರ್ಚು, ತಿಂಡಿಗೆ ಅದು ಸಿಗದು. ಕೇಂದ್ರ ಸರ್ಕಾರದ ನೆರವಿನಲ್ಲಿ ಶಾಲೆಗಳಲ್ಲಿ ತೆರೆಯುವ ಅಟಲ್ ಟಿಂಕರಿಂಗ್ ಲ್ಯಾಬ್ ಇರುವುದು 6ರಿಂದ 12ನೇ ತರಗತಿಯವರಿಗೆ. ಕಿರಿಯ ಮಕ್ಕಳಿಗಾಗಿ ಅದನ್ನು ನಂಬಿ ಕೂರಬೇಡಿ. ಹತ್ತಿರದ ಪ್ರೌಢಶಾಲೆಯಲ್ಲಿ ಅಂಥ ಲ್ಯಾಬ್ ಇದ್ದರೆ ಸಾಲ್ಡರಿಂಗ್, 3ಡಿ ಪ್ರಿಂಟಿಂಗ್ ಕೆಲಸ ಮಾಡಿಸಿಕೊಳ್ಳಬಹುದೇ ಎಂದು ಖಂಡಿತ ಕೇಳಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಪೋರ್ಟಲ್‌ನಲ್ಲಿ ಬೇಕಾದ ಸಾಮಗ್ರಿಯ ಬೇಡಿಕೆ ಹಾಕಬಹುದು.

ಇಷ್ಟು ಮೊತ್ತಕ್ಕೆ ಸರಿಯಾದ ದಾನಿ ಹಳೆ ವಿದ್ಯಾರ್ಥಿ ಸಂಘ. ಮುಂಬಯಿಯಲ್ಲಿ, ದುಬೈ, ಮಸ್ಕತ್‌ಗಳಲ್ಲಿ ಇರುವವರಿಗೆ ತಮ್ಮ ಶಾಲೆಯ ಹೆಸರು ಕೇಳಿದರೆ ಮನಸ್ಸು ಕರಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಪೌರತ್ವ ಬದಲಿಸಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಪಡೆದವರ ಹಣ, ಅಲ್ಲಿನ ಕಂಪನಿಯ ಹಣ ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಹಣ ಬರುವ ಮುಂಚೆ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಲು ಸಂಕೋಚ ಬೇಡ.

ಕಲಿಸುವವರಿಗೆ ಸಂಬಳ ಕೊಡುವ ಶಕ್ತಿ ಇಲ್ಲದಿದ್ದರೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯ ಇಂಜಿನಿಯರಿಂಗ್ ಕಾಲೇಜಿಗೆ ಪತ್ರ ಬರೆಯಿರಿ. ಅಲ್ಲಿನ ನಾಲ್ಕು ವರ್ಷದ ವಿದ್ಯಾರ್ಥಿಗಳು ಪದವಿಗೆ 100 ಚಟುವಟಿಕೆ ಅಂಕ ಗಳಿಸಬೇಕು, ಸ್ಥಳೀಯ ಶಾಲೆಗೆ ನೆರವಾಗುವುದೂ ಅದಕ್ಕೆ ಲೆಕ್ಕ. ಅವರ ಸೆಮಿಸ್ಟರ್ ಪರೀಕ್ಷೆಯ ವಾರಗಳಲ್ಲಿ ಯಾರು ಕಲಿಸುತ್ತಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಶಾಲೆಯ ಒಬ್ಬ ಟೀಚರ್ ಜತೆಗೇ ಕಲಿಯುತ್ತ ಹೋಗುವುದು ಒಳ್ಳೆಯದು.

ಮನವಿ ಪತ್ರ, ಖಾತೆ

ಪತ್ರ ಒಂದೇ ಪುಟ. ತಂತ್ರಜ್ಞಾನದ ಯುಗ, ಮಕ್ಕಳ ಉಜ್ವಲ ಭವಿಷ್ಯ ಎಂದೆಲ್ಲ ಅರ್ಧ ಪುಟ ತುಂಬಿಸಬೇಡಿ. ಹೀಗಿರಲಿ: ‘ನಮ್ಮ ಶಾಲೆಯ 4ರಿಂದ 7ನೇ ತರಗತಿಯ 20 ಮಕ್ಕಳಿಗೆ ಪ್ರತಿ ಶುಕ್ರವಾರ ಸಂಜೆ ಒಂದೂವರೆ ಗಂಟೆ ರೋಬೋಟಿಕ್ಸ್ ಕಲಿಸಲು ಎರಡು ವರ್ಷಕ್ಕೆ ₹55,000 ಬೇಕು. ಅಂದಾಜು ಪಟ್ಟಿ ಲಗತ್ತಿಸಿದೆ. ತಾವು ಪೂರ್ತಿ ಕೊಡಲಾಗದಿದ್ದರೆ ಒಂದು ಕಿಟ್ (₹2,300) ಅಥವಾ ಒಂದು ವರ್ಷದ ಬಿಡಿಭಾಗದ ಖರ್ಚು (₹3,000) ವಹಿಸಿಕೊಳ್ಳಬಹುದು.’ ಕೊಡುವವರಿಗೆ ಸಣ್ಣ ತುಂಡು ಕಾಣಬೇಕು. ಎಲ್ಲರೂ ಕಿಟ್ಟನ್ನೇ ಆರಿಸಿಕೊಳ್ಳುತ್ತಾರೆ, ಏಕೆಂದರೆ ಅದರ ಮೇಲೆ ಹೆಸರು ಬರೆಯಬಹುದು. ಹಾಗಾಗಿ ಬಸ್ ಖರ್ಚು, ಬಿಡಿಭಾಗಗಳನ್ನು ಯಾರು ಹೊರುತ್ತಾರೆಂದು ಮೊದಲು ಕೇಳಿ, ಕಿಟ್ ಆಮೇಲೆ.

ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಿರ್ಣಯ ಬರೆಸಿ, ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರ ಜಂಟಿ ಖಾತೆಗೇ ಹಣ ಬರಲಿ. ಯಾರದೇ ಸ್ವಂತ ಫೋನಿನ ಯುಪಿಐಗೆ ಬೇಡ. ನಿರ್ಣಯದಲ್ಲಿ ‘ರಿಪೇರಿಗೆ ₹1,000ದವರೆಗೆ ಮುಖ್ಯ ಶಿಕ್ಷಕರು ಖರ್ಚು ಮಾಡಿ ಮುಂದಿನ ಸಭೆಯಲ್ಲಿ ಮಂಡಿಸಬಹುದು’ ಎಂಬ ಒಂದು ಸಾಲು ಸೇರಿಸಿ. ಕಪಾಟಿನಲ್ಲಿ ಉಳಿಯುವ ಪೆಟ್ಟಿಗೆಗೆ ಮದ್ದು ಆ ಸಾಲು. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನಿಲ್ಲಿಸಿಕೊಳ್ಳಲು ಪೋಷಕರ ಒಪ್ಪಿಗೆ ಪತ್ರವೂ ಬೇಕು, ಕೊನೆಯ ಬಸ್ಸಿನ ಹೊತ್ತೂ ನೋಡಬೇಕು.

ಖರೀದಿಯಲ್ಲಿ ಎಡವುವುದು ಎಲ್ಲಿ

ಹೆಚ್ಚು ಹಣ ಪೋಲಾಗುವುದು ಬ್ಯಾಟರಿಯಲ್ಲಿ. ಚೌಕದ 9 ವೋಲ್ಟ್ ಬ್ಯಾಟರಿ ಅಗ್ಗವೆಂದು ತಂದರೆ ಎರಡು ಮೋಟಾರ್ ಎಳೆಯುವ ಕರೆಂಟ್ ಅದು ಕೊಡಲಾರದು. ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ, ಮಕ್ಕಳು ಪ್ರೋಗ್ರಾಂ ತಪ್ಪೆಂದು ತಲೆ ಕೆಡಿಸಿಕೊಳ್ಳುತ್ತಾರೆ. ನಾಲ್ಕು ಸೆಲ್ಲೂ ಸಾಲದು. ಚಾರ್ಜ್ ಆಗುವ ಸೆಲ್ ತಲಾ 1.2 ವೋಲ್ಟ್, ನಾಲ್ಕಕ್ಕೆ 4.8; ಎಲ್298ಎನ್ ತಾನೇ ಸುಮಾರು 2 ವೋಲ್ಟ್ ತಿನ್ನುತ್ತದೆ, ಮೋಟಾರಿಗೆ ಉಳಿಯುವುದು ಮೂರಕ್ಕೂ ಕಡಿಮೆ. ಆರು ಸೆಲ್ ಹಾಕಿದರೆ 7.2, ಗಾಡಿ ಓಡುತ್ತದೆ. ಲಿಥಿಯಂ ಸೆಲ್ಲಿಗೆ ಶಕ್ತಿ ಹೆಚ್ಚು, ಆದರೆ ಶಾರ್ಟ್ ಆದರೆ ಬೆಂಕಿ. ಈ ವಯಸ್ಸಿನವರ ಕೈಗೆ ಬೇಡ.

ಅಗ್ಗದ ಬೋರ್ಡನ್ನು ಲ್ಯಾಪ್‌ಟಾಪ್ ಗುರುತಿಸದಿದ್ದರೆ ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ. ಅನೇಕ ಬೋರ್ಡ್‌ಗಳಲ್ಲಿ ಯುಎಸ್‌ಬಿ ಸಂಪರ್ಕಕ್ಕೆ ಸಿಎಚ್340 ಚಿಪ್ ಇರುತ್ತದೆ, ಅದರ ಡ್ರೈವರ್ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಸರಿಹೋಗುತ್ತದೆ.

ಬಿಲ್ಲಿನ ಪ್ರತಿ, ಮಕ್ಕಳ ಹಾಜರಿ, ಗಾಡಿ ಓಡುತ್ತಿರುವ ಒಂದು ಫೋಟೋ, ಉಳಿದ ಹಣದ ಲೆಕ್ಕ ಇಷ್ಟನ್ನು ಡಿಸೆಂಬರ್ ಮತ್ತು ಮಾರ್ಚ್‌ನಲ್ಲಿ ಪ್ರತಿ ದಾನಿಗೂ ಕಳಿಸಿ. ಬೇಸಿಗೆ ರಜೆಗೆ ಶಾಲೆ ಮುಚ್ಚುವ ದಿನ ಎಲ್ಲ ಹೋಲ್ಡರುಗಳಿಂದ ಸೆಲ್ ಹೊರತೆಗೆದು ಬೇರೆ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ ಹೊಸದಿಟ್ಟು ಮುಚ್ಚಳ ಒತ್ತಿ ಮುಚ್ಚಿ. ಜೂನ್‌ನಲ್ಲಿ ತೆರೆದಾಗ ಸ್ಪ್ರಿಂಗ್ ಹೊಳೆಯುತ್ತಿರಬೇಕು.