ಹಾಯಿ ಕಂಡು ಗಡ್ಡೆ ಅಂದುಕೊಂಡಿದ್ದೆ

ರೇಡಿಯಾಲಜಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಐದು ತಿಂಗಳ ಮಗುವಿನ ಎದೆ ಎಕ್ಸ್‌ರೇ ಬಂತು. ಕೆಮ್ಮು ಅಷ್ಟೇ. ಆದರೆ ಹೃದಯದ ಮೇಲಿಂದ ಬಲಕ್ಕೆ ತ್ರಿಕೋನದಂಥ ಬಿಳಿ ನೆರಳು ಚಾಚಿಕೊಂಡಿತ್ತು. ಗಡ್ಡೆ ಇರಬಹುದು, ಸಿಟಿ ಮಾಡಿಸಿ ಎಂದು ರಿಪೋರ್ಟ್ ಬರೆಯಲು ಕೂತೆ. ಹಿಂದಿನಿಂದ ಬಗ್ಗಿ ನೋಡಿದ ಸೀನಿಯರ್ ಮೇಡಂ, "ಥೈಮಸ್ ಅಲ್ವೇನಮ್ಮಾ ಅದು? ದೋಣಿಯ ಹಾಯಿ ಥರ ಇದೆ ನೋಡು. ಸುಮ್ನೆ ಸಿಟಿ ಯಾಕೆ, ಮಗೂನ ಸ್ಕ್ಯಾನಿಂಗ್ ರೂಮಿಗೆ ಕರೆಸು" ಅಂದರು. ಥೈಮಸ್ ಅಂದರೆ ಎದೆಯ ಮುಂಭಾಗದಲ್ಲಿ, ಹೃದಯದ ಮೇಲ್ಗಡೆ ಇರುವ ಗ್ರಂಥಿ, ಎಳೆಯ ಮಕ್ಕಳಲ್ಲಿ ದೊಡ್ಡದಾಗಿರುವುದು ಸಹಜ.

ಆ ವಯಸ್ಸಿಗೆ ಎದೆಯ ನಡುಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಅಲ್ಲೇ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರೂ ಒಳಗಿನದು ಕಾಣುತ್ತದೆ. ಪರದೆ ಮೇಲೆ ಅಮಾವಾಸ್ಯೆ ರಾತ್ರಿಯ ಆಕಾಶದ ಹಾಗೆ ಕಪ್ಪಿನ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ. ಮಗು ಉಸಿರೆಳೆದಾಗೆಲ್ಲ ಅದು ಮೆತ್ತಗೆ ಆಕಾರ ಬದಲಿಸುತ್ತಿತ್ತು, ಪಕ್ಕದ ರಕ್ತನಾಳವನ್ನು ಒಂಚೂರೂ ಒತ್ತುತ್ತಿರಲಿಲ್ಲ. ಗಡ್ಡೆ ಹೀಗಿರಲ್ಲ.

ಅವತ್ತೇ ಒಂದು ಫೋಲ್ಡರ್ ಶುರು ಮಾಡಿದೆ. ಹೆಸರು ಅಳಿಸಿ, ವಯಸ್ಸು ಮಾತ್ರ ಬರೆದು, ಬರೀ ನಾರ್ಮಲ್ ಎಕ್ಸ್‌ರೇಗಳು. ನಾಣ್ಯ ನುಂಗಿರಬಹುದು ಎಂಬ ಗಾಬರಿಯಲ್ಲಿ ಬಂದು ಏನೂ ಇಲ್ಲ ಅಂತ ಹೋದ ಮಕ್ಕಳದ್ದೇ ಎಷ್ಟೋ.

ವಯಸ್ಸಿನ ಸಾಲಿಗೆ ಜೋಡಿಸಿದಾಗ ಕಣ್ಣು ಪಳಗುತ್ತಾ ಬಂತು. ಹುಟ್ಟಿದ ಮಗುವಿನ ಎದೆ ಹೆಚ್ಚುಕಡಿಮೆ ಗುಂಡಗೆ, ಪಕ್ಕೆಲುಬು ಅಡ್ಡಡ್ಡ. ನಡೆಯಲು ಕಲಿತ ಮೇಲೆ ಅವು ನಿಧಾನಕ್ಕೆ ಕೆಳಗೆ ಇಳಿಜಾರಾಗುತ್ತವೆ, ಎದೆ ಚಪ್ಪಟೆಯಾಗುತ್ತದೆ. ದೊಡ್ಡವರಲ್ಲಿ ಹೃದಯ ಎದೆಯಗಲದ 50% ದಾಟಿದರೆ ಹುಬ್ಬೇರಿಸುತ್ತೇವೆ, ಹಸುಗೂಸಿನಲ್ಲಿ 60% ಇದ್ದರೂ ಸಹಜ. ಥೈಮಸ್ ಮೆತ್ತಗಿರುವುದರಿಂದ ಮುಂದಿನ ಪಕ್ಕೆಲುಬು ಒತ್ತಿ ಅದರ ಅಂಚು ಅಲೆಅಲೆಯಾಗಿ ಕಾಣುವುದೂ ಉಂಟು. ಮಗುವಿಗೆ ಜೋರು ಕಾಯಿಲೆಯಾದರೆ ಕುಗ್ಗಿ, ಹುಷಾರಾದ ಮೇಲೆ ಮತ್ತೆ ಬೆಳೆಯುತ್ತದೆ. ಸಾಮಾನ್ಯವಾಗಿ ಮೂರು ವರ್ಷದ ಹೊತ್ತಿಗೆ ಎಕ್ಸ್‌ರೇಯಲ್ಲಿ ಮರೆಯಾಗುತ್ತದೆ.

ಗೊತ್ತಿಲ್ಲದೆ ಹೆದರಿದವಳು ನಾನೊಬ್ಬಳೇ ಅಲ್ಲ ಬಿಡಿ. ಕಳೆದ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ವೈದ್ಯರು ಈ ಥೈಮಸ್ಸೇ ಉಸಿರು ಕಟ್ಟಿಸುತ್ತದೆ ಎಂದು ನಂಬಿ ಸಾವಿರಾರು ಶಿಶುಗಳಿಗೆ ರೇಡಿಯೇಶನ್ ಕೊಟ್ಟಿದ್ದರು. ಅವರಲ್ಲಿ ಕೆಲವರಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. ಅದರ ನಂಟು ವರದಿಯಾದದ್ದು 1950ರಲ್ಲಿ.

ಇನ್ನು ಎಕ್ಸ್‌ರೇ ತೆಗೆಯುವ ಕಷ್ಟ. ಅಳುವ ಮಗು ಉಸಿರು ಹೊರಬಿಟ್ಟಾಗ ತೆಗೆದರೆ ಶ್ವಾಸಕೋಶ ಬೆಳ್ಳಗಾಗಿ ನ್ಯುಮೋನಿಯಾ ಥರ, ಹೃದಯ ಊದಿದ ಥರ, ಶ್ವಾಸನಾಳ ಬಲಕ್ಕೆ ಬಾಗಿದ ಥರ ಕಾಣುತ್ತದೆ, ನೋಡಿದವರಿಗೆ ಮೂರು ಕಾಯಿಲೆ! ನಮ್ಮ ಟೆಕ್ನಿಷಿಯನ್ ಅಣ್ಣ ಮಗುವಿನ ಹೊಟ್ಟೆಯನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಅತ್ತು ಅತ್ತು ಹೊಸ ಉಸಿರು ಎಳೆದುಕೊಳ್ಳುತ್ತಲ್ಲ, ಸರಿಯಾಗಿ ಆಗ ಗುಂಡಿ ಒತ್ತುವುದು. ಆಮೇಲೆ ಹಿಂದಿನ ಪಕ್ಕೆಲುಬು ಎಣಿಸುವುದು ನನ್ನ ಕೆಲಸ. ಡಯಾಫ್ರಮ್, ಅಂದರೆ ಎದೆ-ಹೊಟ್ಟೆ ನಡುವಿನ ಸ್ನಾಯುವಿನ ಪರದೆಯ ಮೇಲೆ ಎಂಟಾದರೂ ಸಿಕ್ಕರೆ ಉಸಿರು ಸಾಕು ಎಂದರ್ಥ.

ಒಮ್ಮೆ ಆರು ವರ್ಷದ ಹುಡುಗಿಯ ಎಕ್ಸ್‌ರೇಯಲ್ಲಿ ಬಲಭುಜದ ಕೆಳಗೆ ಮಚ್ಚೆ. ಟಿ.ಬಿ. ಇರಬಹುದಾ ಅಂತ ತಾಯಿ ಕಣ್ಣೀರು. ನೆರಳು ಎದೆಯ ಗೆರೆ ದಾಟಿ ಕುತ್ತಿಗೆವರೆಗೂ ಹೋಗಿತ್ತು, ಅದಕ್ಕೇ ಇದು ಶ್ವಾಸಕೋಶದ ಒಳಗಿನದಲ್ಲವೇನೋ ಎಂದು ನನಗೆ ಅನುಮಾನ. ಹೊರಗೆ ಬಂದು ನೋಡಿದರೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಒಂದು ಮುಂದಕ್ಕೆ ಇಳಿಬಿದ್ದಿತ್ತು! ಜಡೆ ಎತ್ತಿ ನೆತ್ತಿಗೆ ಕಟ್ಟಿ ಇನ್ನೊಂದು ತೆಗೆಸಿದೆವು. ಈಗ ನಮ್ಮ ಎಕ್ಸ್‌ರೇ ರೂಮಿನ ಬಾಗಿಲ ಪಕ್ಕ ಒಂದು ಡಬ್ಬಿ ತುಂಬ ಪ್ಲಾಸ್ಟಿಕ್ ಕ್ಲಿಪ್ ಇದೆ.