ನಿಮ್ಮ ಊರಿಗೆ ನಗರ ಯೋಜಕರಿದ್ದಾರೆಯೇ? ಹುದ್ದೆ ಮತ್ತು ವೇತನದ ಲೆಕ್ಕ ತಿಳಿಯುವುದು ಹೀಗೆ

ಕೆಲವು ವರ್ಷಗಳ ಹಿಂದೆ ಮನೆಯ ನಕ್ಷೆಗೆ ಮಂಜೂರಾತಿ ಪಡೆಯಲು ನಾನು ಅಲೆದ ಕಚೇರಿಯೊಂದರಲ್ಲಿ, ನಗರ ಯೋಜನಾ ಶಾಖೆಯ ಬಾಗಿಲಿಗೆ ಅಧಿಕಾರಿಯ ಹೆಸರಿನ ಫಲಕ ತೂಗುಹಾಕಿತ್ತು. ಹೆಸರಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಪ್ರಭಾರ’ ಎಂದು ಬರೆದಿತ್ತು. ಅವರು ವಾರಕ್ಕೆ ಎರಡು ದಿನ ಮಾತ್ರ ಬರುತ್ತಿದ್ದರು. ಉಳಿದ ದಿನಗಳಲ್ಲಿ ಇನ್ನೆರಡು ಊರುಗಳ ಕಡತಗಳು ಅವರಿಗಾಗಿ ಕಾಯುತ್ತಿದ್ದವು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ನಮ್ಮ ಊರಿಗೆಂದೇ ಮಂಜೂರಾದ ಹುದ್ದೆ ಇದೆಯೇ, ಇದ್ದರೆ ಎಷ್ಟು ದಿನದಿಂದ ಖಾಲಿ ಇದೆ, ಅದಕ್ಕೆ ನಿಗದಿಯಾದ ವೇತನವೆಷ್ಟು ಎಂಬ ಪ್ರಶ್ನೆಗಳು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಇವುಗಳಿಗೆ ಉತ್ತರ ಪಡೆಯುವ ದಾರಿ ಯಾವ ನಾಗರಿಕರಿಗೂ ತೆರೆದೇ ಇದೆ.

ಕೊರತೆ ಒಂದು ಊರಿನದಲ್ಲ. ದೇಶದ ರಾಜ್ಯಗಳ ಯೋಜನಾ ಇಲಾಖೆಗಳಿಗೆ 12,000ಕ್ಕೂ ಹೆಚ್ಚು ನಗರ ಯೋಜಕರು ಬೇಕಿರುವಾಗ ಮಂಜೂರಾದ ಹುದ್ದೆಗಳು 4,000ಕ್ಕಿಂತ ಕಡಿಮೆ, ಅವುಗಳಲ್ಲಿಯೂ ಅರ್ಧದಷ್ಟು ಖಾಲಿ ಎಂದು ನೀತಿ ಆಯೋಗವು 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ಹಲವು ರಾಜ್ಯಗಳಲ್ಲಿ ಈ ಹುದ್ದೆಗೆ ನಗರ ಯೋಜನೆಯ ಪದವಿಯೇ ಕಡ್ಡಾಯವಲ್ಲ ಎಂಬುದನ್ನೂ ಅದೇ ವರದಿ ಎತ್ತಿ ತೋರಿಸಿದೆ. 1903ರಷ್ಟು ಹಿಂದೆಯೇ ಮೈಸೂರಿನಲ್ಲಿ ನಗರ ಸುಧಾರಣಾ ಮಂಡಳಿಯನ್ನು ಕಟ್ಟಿಕೊಂಡ ನಾಡಿನವರಾದ ನಮಗೆ ಈ ಮಾತು ಚುಚ್ಚಬೇಕು.

ಮೊದಲು: ಯಾವ ಕಚೇರಿಯನ್ನು ಕೇಳಬೇಕು?

ಅರ್ಜಿ ಬರೆಯುವ ಮುನ್ನ ನಿಮ್ಮ ಊರಿನ ಯೋಜನೆ ಯಾರ ಕೈಯಲ್ಲಿದೆ ಎಂದು ತಿಳಿದುಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಬಂದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿದ್ದು, ಮೊದಲನೆಯದೇ ನಗರ ಯೋಜನೆ. ಆದರೆ ಕರ್ನಾಟಕದಲ್ಲಿ ಮಹಾ ಯೋಜನೆ (ಮಾಸ್ಟರ್ ಪ್ಲಾನ್) ರೂಪಿಸುವ ಹೊಣೆ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ, ಯೋಜನಾ ಪ್ರಾಧಿಕಾರದ್ದು. ಕಟ್ಟಡ ಪರವಾನಗಿ ನೀಡುವುದು ಮಾತ್ರ ಪಾಲಿಕೆ, ನಗರಸಭೆ ಅಥವಾ ಪುರಸಭೆ. ಎರಡೂ ಕಡೆ ಹಿರಿಯ ಯೋಜನಾಧಿಕಾರಿಗಳಾಗಿ ಕೂರುವವರಲ್ಲಿ ಬಹುತೇಕರು ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದವರು. ಎಂದರೆ ಪಾಲಿಕೆಯು ತನ್ನ ಮುಖ್ಯ ಯೋಜಕರನ್ನು ತಾನೇ ನೇಮಿಸಿಕೊಳ್ಳುವುದಿಲ್ಲ. ಸರ್ಕಾರ ಕಳುಹಿಸಿದರೆ ಬರುತ್ತಾರೆ, ವರ್ಗ ಮಾಡಿದರೆ ಹೋಗುತ್ತಾರೆ. ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಬೇರು ಇಲ್ಲಿದೆ.

ಆದ್ದರಿಂದ ಒಂದೇ ಪ್ರಶ್ನೆಯನ್ನು ಎರಡು ಅರ್ಜಿಗಳಲ್ಲಿ, ಸ್ಥಳೀಯ ಸಂಸ್ಥೆಗೂ ಯೋಜನಾ ಪ್ರಾಧಿಕಾರಕ್ಕೂ ಕಳುಹಿಸಿ. ಬೆಂಗಳೂರಿನವರು ಇನ್ನಷ್ಟು ಎಚ್ಚರ ವಹಿಸಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳೂ ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಇರುವುದರಿಂದ, ನಿಮ್ಮ ಬಡಾವಣೆ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಂಡೇ ವಿಳಾಸ ಬರೆಯಿರಿ.

ಬಳಿಕ: ಅರ್ಜಿಯ ಒಕ್ಕಣೆ

ಮಾಹಿತಿ ಹಕ್ಕು ಕಾಯ್ದೆ, 2005ರ ಕಲಂ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಅಧಿಕಾರಿ, ನೌಕರರ ಪಟ್ಟಿಯನ್ನೂ ಅವರ ಮಾಸಿಕ ವೇತನವನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕು. ಮೊದಲು ಕಚೇರಿಯ ಜಾಲತಾಣದಲ್ಲಿ ಅದನ್ನು ಹುಡುಕಿ. ಸಿಕ್ಕರೂ ಪಟ್ಟಿಯ ಮೇಲಿರುವ ದಿನಾಂಕ ನೋಡಿ. ಹಳೆಯ ಪಟ್ಟಿಯಿಂದ ಪ್ರಯೋಜನವಿಲ್ಲ.

ಸಿಗದಿದ್ದರೆ ಅರ್ಜಿ ಹಾಕಬೇಕು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು ಮತ್ತು ಅದು 150 ಪದಗಳನ್ನು ಮೀರಬಾರದು. ಹಾಗಾಗಿ ನಕ್ಷೆ ತಡವಾದ ಕಥೆಯನ್ನೆಲ್ಲ ಬಿಟ್ಟು ಇಷ್ಟನ್ನೇ ಬರೆಯಿರಿ:

‘ತಮ್ಮ ಕಚೇರಿಯ ನಗರ ಯೋಜನಾ ಶಾಖೆಗೆ ಮಂಜೂರಾದ ಎಲ್ಲ ಹುದ್ದೆಗಳ ಹೆಸರು, ಸಂಖ್ಯೆ ಮತ್ತು ವೇತನ ಶ್ರೇಣಿ, ಈ ದಿನಾಂಕಕ್ಕೆ ಭರ್ತಿಯಾಗಿರುವ ಮತ್ತು ಖಾಲಿ ಇರುವ ಹುದ್ದೆಗಳು, ಪ್ರತಿ ಹುದ್ದೆ ಖಾಲಿಯಾದ ದಿನಾಂಕ, ಭರ್ತಿಯಾದ ಹುದ್ದೆಗಳಲ್ಲಿ ಕಾಯಂ, ನಿಯೋಜನೆ, ಪ್ರಭಾರ ಮತ್ತು ಹೊರಗುತ್ತಿಗೆ ಎಂಬ ವಿಂಗಡಣೆ, ಹುದ್ದೆಗಳ ಮಂಜೂರಾತಿ ಆದೇಶದ ಪ್ರತಿ.’

ಇದರಲ್ಲಿ ಯಾರ ಹೆಸರನ್ನೂ ಕೇಳಿಲ್ಲ ಎಂಬುದನ್ನು ಗಮನಿಸಿ. ವ್ಯಕ್ತಿಯ ವೇತನ ಚೀಟಿ ಕೇಳಿದರೆ ಕಲಂ 8(1)(ಜೆ) ಅಡಿ ವೈಯಕ್ತಿಕ ಮಾಹಿತಿಯೆಂದು ನಿರಾಕರಿಸಲು ಕಚೇರಿಗೆ ಅವಕಾಶ ಕೊಟ್ಟಂತಾಗುತ್ತದೆ. ಹುದ್ದೆಯ ವಿವರವನ್ನು ಹಾಗೆ ತಡೆಹಿಡಿಯುವುದು ಕಷ್ಟ. ‘ಈ ಮಾಹಿತಿ ನಮ್ಮಲ್ಲಿಲ್ಲ, ಇಲಾಖೆಯಲ್ಲಿದೆ’ ಎಂಬ ಉತ್ತರ ಬರುವ ಸಂಭವವಿದ್ದೇ ಇದೆ. ಅದಕ್ಕಾಗಿ ಅರ್ಜಿಯ ಕೊನೆಗೆ, ಮಾಹಿತಿ ಬೇರೆಡೆ ಇದ್ದರೆ ಕಲಂ 6(3)ರಂತೆ 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕೆಂದು ಒಂದು ವಾಕ್ಯ ಸೇರಿಸಿ. ಉತ್ತರಕ್ಕೆ 30 ದಿನಗಳ ಗಡುವು. ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನಗಳಲ್ಲಿ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

ಉತ್ತರವನ್ನು ಓದುವಾಗ ‘ಷರಾ’ ನೋಡಿ

ಸಾಮಾನ್ಯವಾಗಿ ಬರುವುದು ಒಂದು ಹಾಳೆಯ ತಖ್ತೆ: ಹುದ್ದೆ, ಮಂಜೂರು, ಭರ್ತಿ, ಖಾಲಿ, ಷರಾ (ಟಿಪ್ಪಣಿ). ಕಣ್ಣು ಮೊದಲು ‘ಖಾಲಿ’ ಅಂಕಣಕ್ಕೆ ಹೋಗುತ್ತದೆ, ಅಲ್ಲಿ ಸೊನ್ನೆ ಕಂಡರೆ ಸಮಾಧಾನವಾಗುತ್ತದೆ. ಆದರೆ ನಿಜಸ್ಥಿತಿ ತಿಳಿಯುವುದು ಕೊನೆಯ ಅಂಕಣದಲ್ಲಿ. ‘ಭರ್ತಿ 1’ ಎಂದಿರುವ ಸಾಲಿನ ಷರಾದಲ್ಲಿ ‘ನಿಯಮ 32’ ಎಂದಿದ್ದರೆ, ಕರ್ನಾಟಕ ನಾಗರಿಕ ಸೇವಾ ನಿಯಮಗಳ ಪ್ರಕಾರ ಕೆಳಗಿನ ದರ್ಜೆಯ ಅಧಿಕಾರಿಗೆ ಮೇಲಿನ ಹುದ್ದೆಯ ಸ್ವತಂತ್ರ ಪ್ರಭಾರ ಕೊಟ್ಟಿದ್ದಾರೆ ಎಂದರ್ಥ. ‘ನಿಯಮ 68’ ಎಂದಿದ್ದರೆ, ಬೇರೆಡೆ ಪೂರ್ಣ ಕೆಲಸವಿರುವ ಅಧಿಕಾರಿ ಈ ಹುದ್ದೆಯನ್ನು ಹೆಚ್ಚುವರಿಯಾಗಿ ಹೊತ್ತಿದ್ದಾರೆ. ಅಂಥ ಹುದ್ದೆಯನ್ನು ನಿಮ್ಮ ಲೆಕ್ಕದಲ್ಲಿ ಖಾಲಿ ಎಂದೇ ಬರೆದುಕೊಳ್ಳಿ. ನಾನು ಕಂಡ ಬಾಗಿಲಿನ ಫಲಕ ಹೇಳುತ್ತಿದ್ದುದೂ ಇದನ್ನೇ.

ಹುದ್ದೆಯಲ್ಲಿರುವವರ ವಿದ್ಯಾರ್ಹತೆಯನ್ನು ನೇರವಾಗಿ ಕೇಳುವ ಬದಲು ವೃಂದ ಮತ್ತು ನೇಮಕಾತಿ ನಿಯಮಗಳ ಪ್ರತಿ ಕೇಳಿ. ಆ ಹುದ್ದೆಗೆ ಯಾವ ಪದವಿ ಬೇಕು, ಎಷ್ಟು ಭಾಗ ನೇರ ನೇಮಕಾತಿ, ಎಷ್ಟು ಭಾಗ ಬಡ್ತಿ ಎಂಬುದು ಅದರಲ್ಲಿರುತ್ತದೆ.

ವೇತನದ ಲೆಕ್ಕ

ತಖ್ತೆಯಲ್ಲಿ ಸಿಗುವುದು ವೇತನ ಶ್ರೇಣಿ ಮಾತ್ರ. ರಾಜ್ಯದ 7ನೇ ವೇತನ ಆಯೋಗದ ಶಿಫಾರಸಿನ ಮೇರೆಗೆ 2024ರ ಆಗಸ್ಟ್ 1ರಿಂದ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 27,000 ರೂಪಾಯಿ, ಗರಿಷ್ಠ 2,41,200 ರೂಪಾಯಿ ಆಗಿದೆ. ಆದ್ದರಿಂದ ಉತ್ತರದಲ್ಲಿರುವ ಶ್ರೇಣಿ 2018ರದೋ 2024ರದೋ ಎಂದು ಮೊದಲು ನೋಡಿಕೊಳ್ಳಿ. ಮೂಲ ವೇತನಕ್ಕೆ ಆಯಾ ಕಾಲದ ತುಟ್ಟಿಭತ್ಯೆ, ಊರಿಗೆ ತಕ್ಕ ಮನೆ ಬಾಡಿಗೆ ಭತ್ಯೆ ಸೇರಿಸಿದರೆ ಹುದ್ದೆಯ ತಿಂಗಳ ವೆಚ್ಚ ಬಹುಮಟ್ಟಿಗೆ ಸಿಗುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು. ಅಧಿಕಾರಿಯೊಬ್ಬರ ಮೂಲ ವೇತನ 83,700 ರೂಪಾಯಿ ಎಂದಿಟ್ಟುಕೊಳ್ಳಿ. ಮನೆ ಬಾಡಿಗೆ ಭತ್ಯೆ ಬೆಂಗಳೂರಿನಲ್ಲಿ ಶೇ 20, ಎಂದರೆ 16,740 ರೂಪಾಯಿ. ಸಣ್ಣ ಪಟ್ಟಣದಲ್ಲಿ ಶೇ 7.5, ಎಂದರೆ ಸುಮಾರು 6,278 ರೂಪಾಯಿ. ಒಂದೇ ದರ್ಜೆಯ ಅಧಿಕಾರಿಗೆ ಊರು ಬದಲಾದರೆ ತಿಂಗಳಿಗೆ 10,000 ರೂಪಾಯಿಗೂ ಮಿಕ್ಕಿದ ವ್ಯತ್ಯಾಸ. ಸಣ್ಣ ಊರಿನ ಬಾಡಿಗೆ ಕಡಿಮೆ ಎಂಬುದು ನ್ಯಾಯವೇ. ಆದರೆ ಅಲ್ಲಿ ನಕ್ಷೆಗಾರರು, ಸರ್ವೆಯರ್‌ಗಳು ಕಡಿಮೆ ಇದ್ದು ಒಬ್ಬರೇ ಎಲ್ಲವನ್ನೂ ನೋಡಬೇಕಾದ ಅಧಿಕಾರಿಗೆ ಕೆಲಸ ಹಗುರವಲ್ಲ. ಅಂಥ ಕಡೆ ಹೋಗಿ ನಿಲ್ಲುವವರಿಗೆ ವೇತನದಲ್ಲಿ ಒಂದಿಷ್ಟು ಹೆಚ್ಚುವರಿ ಕೊಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಹುದ್ದೆ ಖಾಲಿ ಇದ್ದರೆ ಊರಿನ ಹಣ ಉಳಿಯಿತಲ್ಲ ಎನ್ನುವವರಿದ್ದಾರೆ. ನಗರ ಸ್ಥಳೀಯ ಸಂಸ್ಥೆಗಳ ಕಾಯಂ ನೌಕರರ ವೇತನದ ಬಹುಪಾಲು ರಾಜ್ಯ ಹಣಕಾಸು ಆಯೋಗದ ಅನುದಾನದಿಂದ ಬರುವುದರಿಂದ, ಅಲ್ಲಿ ಉಳಿದ ಹಣದಿಂದ ಊರಿನ ಚರಂಡಿ ಕಟ್ಟಲಾಗದು. ಬದಲಿಗೆ ಕೆಲಸ ಹಿಂದೆ ಬೀಳುತ್ತದೆ. 1961ರ ಯೋಜನಾ ಕಾಯ್ದೆಯ ಕಲಂ 13-ಡಿ ಪ್ರಕಾರ ಮಹಾ ಯೋಜನೆಯನ್ನು 10 ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಬೆಂಗಳೂರಿನ ಹಿಂದಿನ ಪರಿಷ್ಕೃತ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 2007ರಲ್ಲಿ, ಅದರ ಗುರಿಯ ವರ್ಷ 2015. 2031ಕ್ಕೆಂದು 2017ರಲ್ಲಿ ಪ್ರಕಟವಾದ ಕರಡು ಜಾರಿಗೆ ಬರಲೇ ಇಲ್ಲ. ಇದಕ್ಕೆ ಸಿಬ್ಬಂದಿ ಕೊರತೆಯೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ರಾಜಧಾನಿಯಲ್ಲೇ ಹೀಗಾದರೆ ತಾಲ್ಲೂಕು ಕೇಂದ್ರದ ಗತಿಯನ್ನು ಊಹಿಸಬಹುದು.

ಮಾಹಿತಿಯನ್ನು ಎಲ್ಲಿಗೆ ಒಯ್ಯಬೇಕು?

ಪಾಲಿಕೆಯಿದ್ದರೆ ನಗರ ಯೋಜನೆಯ ಸ್ಥಾಯಿ ಸಮಿತಿಯ ಅಧ್ಯಕ್ಷರಿಗೂ ನಿಮ್ಮ ವಾರ್ಡಿನ ಸದಸ್ಯರಿಗೂ ತಖ್ತೆಯ ಪ್ರತಿ ಕೊಡಿ. ಸದಸ್ಯರು ಹುದ್ದೆ ತುಂಬಲಾರರು, ಆದರೆ ತುಂಬುವಂತೆ ಸರ್ಕಾರವನ್ನು ಒತ್ತಾಯಿಸುವ ನಿರ್ಣಯವನ್ನು ಸಭೆಯಲ್ಲಿ ಅಂಗೀಕರಿಸಬಲ್ಲರು. ಅದರ ಪ್ರತಿಯೊಂದಿಗೆ ನಗರಾಭಿವೃದ್ಧಿ ಇಲಾಖೆಗೆ ಮನವಿ ಸಲ್ಲಿಸಿ. ಶಾಸಕರ ಬಳಿ ಹೋಗುವಾಗ ‘ನಮಗೆ ಯೋಜಕರು ಬೇಕು’ ಎಂದಷ್ಟೇ ಹೇಳಬೇಡಿ. ಯಾವ ಹುದ್ದೆ, ಯಾವ ದಿನಾಂಕದಿಂದ ಖಾಲಿ, ಲೋಕಸೇವಾ ಆಯೋಗಕ್ಕೆ ಪ್ರಸ್ತಾವ ಹೋಗಿದೆಯೇ ಎಂಬ ಮೂರು ಸಾಲುಗಳನ್ನು ಬರೆದುಕೊಟ್ಟರೆ ಅವರು ಅದನ್ನೇ ವಿಧಾನಸಭೆಯಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಕೇಳಬಹುದು, ಲಿಖಿತ ಉತ್ತರ ಸಿಗುತ್ತದೆ.

ಆರು ತಿಂಗಳ ನಂತರ ಅದೇ 10 ರೂಪಾಯಿಯ ಅರ್ಜಿಯನ್ನು ಅದೇ ಪದಗಳಲ್ಲಿ ಮತ್ತೆ ಹಾಕಿ. ಎರಡೂ ತಖ್ತೆಗಳನ್ನು ಪಕ್ಕಪಕ್ಕ ಇಟ್ಟು ಷರಾ ಅಂಕಣವನ್ನಷ್ಟೇ ಹೋಲಿಸಿ ನೋಡಿ: ‘ನಿಯಮ 68’ ಎಂದಿದ್ದ ಸಾಲಿನಲ್ಲಿ ‘ಕಾಯಂ’ ಎಂದು ಬಂದಿದೆಯೇ?